ಊರಿನ ಒಂಟಿ ಮನಸ್ಸಿಗೆ ತಾಳಮದ್ದಳೆಯ ಆಸರೆ

ಮಕ್ಕಳು ಮುಂಬಯಿ, ಪುಣೆಗಳಲ್ಲಿ. ಹೆತ್ತವರು ಊರ ಮನೆಯಲ್ಲಿ ಇಬ್ಬರೇ. ಅವರಲ್ಲೊಬ್ಬರು ತೀರಿಕೊಂಡರೆ ಉಳಿಯುವುದು ಒಂಟಿ ಜೀವ. ಕರಾವಳಿ, ಮಲೆನಾಡಿನ ಅನೇಕ ಮನೆಗಳ ಕಥೆ ಇದು. ಫೋನ್ ಮಾಡಿದರೆ "ಆರಾಮ ಇದ್ದೇನೆ" ಎಂಬ ಉತ್ತರ ಬರುತ್ತದೆ. ಊಟ ಬಿಟ್ಟದ್ದು, ನಿದ್ದೆ ಬಾರದಿರುವುದು ಫೋನಿನಲ್ಲಿ ಕಾಣಿಸುವುದಿಲ್ಲ.

ಅದನ್ನು ಕಾಣುವವರು ಊರಿನವರೇ. ಮಳೆಗಾಲದಲ್ಲಿ ನಡೆಯುವ ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ. ಭಾಗವತರು, ಚೆಂಡೆ ಮದ್ದಳೆಯವರು, ಅರ್ಥ ಹೇಳುವ ನಾಲ್ಕು ಮಂದಿ ಇದ್ದರೆ ಸಾಕು. ಕಾಲುನೋವಿನ ಹಿರಿಯರೂ ಕುಳಿತಲ್ಲಿಂದಲೇ ಭೀಷ್ಮನಾಗಬಹುದು. ಮುಂದಿನ ವಾರಕ್ಕೆ ಪ್ರಸಂಗ ಓದಿಕೊಳ್ಳಬೇಕೆಂಬ ಜವಾಬ್ದಾರಿ ಬಂದಾಗ ದಿನಕ್ಕೊಂದು ಅರ್ಥ ಬರುತ್ತದೆ. ಎರಡು ವಾರ ಬಾರದಿದ್ದರೆ ಯಾರಾದರೊಬ್ಬರು ಮನೆ ಬಾಗಿಲಿಗೆ ಬಂದು ವಿಚಾರಿಸುತ್ತಾರೆ. ಭಜನಾ ಮಂಡಳಿ, ನಾಟಕ ತಂಡಗಳೂ ಇದನ್ನೇ ಮಾಡುತ್ತವೆ.

ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಹಳ್ಳಿಯ ಜನರನ್ನೇ ರಂಗಕ್ಕೆ ತಂದ ಸಂಸ್ಥೆ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂತಹ ಸಂಘಗಳು ಚಿಕಿತ್ಸೆಗಾಗಿ ಹುಟ್ಟಿದವಲ್ಲ. ಆದರೂ ಕಲೆ ಮನಸ್ಸಿನ ಆರೋಗ್ಯ ಕಾಪಾಡಲು ನೆರವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ವರದಿ ಮಾಡಿದೆ.

ಹಾಗೆಂದು ಭಜನೆ, ನಾಟಕ ಔಷಧಕ್ಕೆ ಬದಲಿಯಲ್ಲ. 2015-16ರಲ್ಲಿ 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಸಿದ ಸಮೀಕ್ಷೆಯ ಪ್ರಕಾರ, ಮಾನಸಿಕ ತೊಂದರೆ ಇದ್ದವರಲ್ಲಿ ಕಾಯಿಲೆಗನುಸಾರ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. "ಹುಚ್ಚು ಎನ್ನುತ್ತಾರೆ" ಎಂಬ ಅಂಜಿಕೆ ಅದಕ್ಕೊಂದು ಕಾರಣ. ಆ ಅಂಜಿಕೆ ಬಿಡಿಸಿ ವೈದ್ಯರಲ್ಲಿಗೆ ಕರೆದೊಯ್ಯಲು ಜೊತೆಗೆ ಹಾಡಿದವರಿಗಿಂತ ಹತ್ತಿರದವರು ಯಾರು? 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಉಚಿತವಾಗಿ ಮಾತನಾಡಬಹುದು. ಈ ಸಂಖ್ಯೆ ಭಜನಾ ಮಂದಿರದ ಗೋಡೆಯಲ್ಲೂ ಇರಲಿ.

ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಬಯಿ ಸಮಿತಿಗಳು ಕೈಬಿಚ್ಚಿ ನೀಡುತ್ತಲೇ ಬಂದಿವೆ. ಅದರೊಂದು ಪಾಲು ಮದ್ದಳೆಯ ದುರಸ್ತಿಗೆ, ಕೂಟದ ದಿನದ ಚಹಾ ತಿಂಡಿಗೆ, ಹಿರಿಯರನ್ನು ಕರೆತರುವ ರಿಕ್ಷಾ ಬಾಡಿಗೆಗೆ ಹೋದರೆ ಅದೂ ದೇವರ ಸೇವೆಯೇ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ "ಊಟ ಆಯಿತೇ" ಎಂಬುದರ ಜೊತೆಗೆ "ಈ ವಾರ ಯಾವ ಪ್ರಸಂಗ?" ಎಂದೂ ಕೇಳಬಹುದು.