ಒಲೆಯ ಮೇಲಣ ಜಿಡ್ಡು

ಹೋಟಲಿಗೆ ಹೋಗಿಬಂದವರು ದೋಸೆಯ ಗರಿಯನ್ನು ಕುರಿತು ಮಾತನಾಡುವುದುಂಟು, ಸಾಂಬಾರಿನ ಖಾರವನ್ನು ಕುರಿತು ಮಾತನಾಡುವುದುಂಟು. ಒಳಗೆ ಅಡಿಗೆ ಭಟ್ಟರ ತಲೆಯ ಮೇಲೆ ಕವುಚಿದ ಬೋಗುಣಿಯಂತೆ ತೂಗುವ ತಗಡಿನ ಗೂಡಿನ ಕಡೆ ನಮ್ಮ ಗಮನ ಹೋಗುವುದು ಅಪರೂಪ. ಹೋಟಲಿನವರು ಅದನ್ನು ಹುಡ್ ಎನ್ನುತ್ತಾರೆ. ಅದರೊಳಗೆ ಸಾಲಾಗಿ ಕೂರಿಸಿರುವ ಫಿಲ್ಟರುಗಳೇ ಈ ಲೇಖನದ ವಿಷಯ. ಒಳಗೆ ದುಡಿಯುವವರಿಗೆ ಹೇಗೋ ಹಾಗೆ, ಹೋಟಲಿನ ಮಹಡಿಯಲ್ಲಿ ವಾಸವಾಗಿರುವವರಿಗೂ ಪಕ್ಕದ ಅಂಗಡಿಯವರಿಗೂ ಇದು ಸಂಬಂಧಪಟ್ಟದ್ದೇ.

ಬಾಣಲೆಯಲ್ಲಿ ಬೋಂಡ, ವಡೆ ಕರಿಯುವಾಗ ಎಣ್ಣೆಯ ಶಾಖ ಸುಮಾರು 180 ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಹಿಟ್ಟಿನಲ್ಲಿರುವ ನೀರು ಆವಿಯಾಗಿ ಚಿಮ್ಮುವಾಗ ಎಣ್ಣೆಯ ಅತಿ ಸಣ್ಣ ಹನಿಗಳನ್ನೂ ತನ್ನೊಡನೆ ಮೇಲಕ್ಕೆ ಒಯ್ಯುತ್ತದೆ. ಹೊಗೆಕೊಳವೆಯ ತಂಪಾದ ತಗಡನ್ನು ಸೋಕಿದರೆ ಆ ಹನಿಗಳು ಅಲ್ಲಿಯೇ ಹಿಡಿದುಕೊಳ್ಳುತ್ತವೆ. ದಿನಗಳು ಕಳೆದಂತೆ ಅದು ಕಂದುಬಣ್ಣದ ಅಂಟಾಗಿ, ಕಡೆಗೆ ಅರಗಿನಂತೆ ಗಟ್ಟಿಯಾಗುತ್ತದೆ.

ಈ ಹನಿಗಳನ್ನು ದಾರಿಯಲ್ಲೇ ತಡೆಯುವುದು ಫಿಲ್ಟರಿನ ಕೆಲಸ. ಹೋಟಲಿಗೆ ತಕ್ಕುದು ಬ್ಯಾಫಲ್ ಫಿಲ್ಟರು. ಅದರಲ್ಲಿ ಮಡಿಸಿದ ಉಕ್ಕಿನ ಪಟ್ಟಿಗಳು ಎದುರುಬದುರಾಗಿ ನಿಂತಿರುತ್ತವೆ; ಗಾಳಿ ಅವುಗಳ ನಡುವೆ ಥಟ್ಟನೆ ತಿರುಗಿ ಸಾಗಬೇಕು. ವೇಗವಾಗಿ ಬಂದ ಬಸ್ಸು ತಿರುವಿನಲ್ಲಿ ಹೊರಳಿದಾಗ ನಿಂತ ಪ್ರಯಾಣಿಕರು ಒಂದು ಬದಿಗೆ ವಾಲುವುದಿಲ್ಲವೆ? ಹಾಗೆಯೇ ಗಾಳಿ ತಿರುಗಿದರೂ ಅದಕ್ಕಿಂತ ಭಾರವಾದ ಎಣ್ಣೆಯ ಹನಿ ತಿರುಗಲಾರದೆ ಪಟ್ಟಿಗೆ ಬಡಿದು, ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಆದ್ದರಿಂದ ಪಟ್ಟಿಗಳು ಮೇಲಿಂದ ಕೆಳಕ್ಕೆ ಬರುವಂತೆ ಫಿಲ್ಟರನ್ನು ಕೂರಿಸಬೇಕು. ಅಡ್ಡಲಾಗಿ ಕೂರಿಸಿದರೆ ಎಣ್ಣೆ ಮಡಿಕೆಗಳಲ್ಲೇ ನಿಂತುಬಿಡುತ್ತದೆ. ಮನೆಯ ಚಿಮಣಿಗಳಲ್ಲಿ ಕಾಣುವ ತಂತಿಬಲೆಯ ಫಿಲ್ಟರು ಎಣ್ಣೆಯನ್ನು ಇಳಿಯಗೊಡದೆ ಒಳಗೇ ಹಿಡಿದಿಟ್ಟುಕೊಳ್ಳುವುದರಿಂದ ಹೋಟಲಿನ ಒಲೆಗೆ ಸಲ್ಲದು.

ತೊಳೆಯದೆ ಬಿಟ್ಟರೆ ಪಟ್ಟಿಗಳ ಸಂದು ಮುಚ್ಚಿಕೊಳ್ಳುತ್ತದೆ. ಫ್ಯಾನು ತಿರುಗುತ್ತಿದ್ದರೂ ಹೊಗೆಯನ್ನು ಎಳೆಯದು. ಅಡಿಗೆಮನೆಯಲ್ಲಿ ಹೊಗೆ ತುಂಬಿ ಕಣ್ಣು ಉರಿಯುತ್ತದೆ. ಆಗ ಯಾರಾದರೊಬ್ಬರು, “ಈ ಹಾಳು ತಗಡನ್ನೇ ತೆಗೆದುಬಿಡಿ, ಸ್ವಾಮಿ” ಎನ್ನುತ್ತಾರೆ. ತೆಗೆದೊಡನೆ ಹೊಗೆ ಸರ್ರನೆ ಮೇಲಕ್ಕೆ ಹೋಗುತ್ತದೆ, ಎಲ್ಲರಿಗೂ ಸಂತೋಷ! ನೀರು ಸೋಸುವ ಬಟ್ಟೆ ಕೊಳೆಯಾಯಿತೆಂದು ಬಟ್ಟೆಯನ್ನೇ ಬಿಸಾಡಿದಂತಾಯಿತು ಇದು. ಅಂದಿನಿಂದ ಜಿಡ್ಡೆಲ್ಲ ನೇರವಾಗಿ ಕೊಳವೆಗೂ ಫ್ಯಾನಿನ ರೆಕ್ಕೆಗಳಿಗೂ ಸೇರತೊಡಗುತ್ತದೆ.

ಒಂದು ದಿನ ಬಾಣಲೆಯ ಎಣ್ಣೆ ಮಿತಿಮೀರಿ ಕಾದು ಹತ್ತಿಕೊಂಡಿತೆನ್ನಿ. ಬ್ಯಾಫಲ್ ಪಟ್ಟಿಗಳಿದ್ದರೆ ಜ್ವಾಲೆ ಕೊಳವೆಗೆ ನುಗ್ಗುವುದನ್ನು ಅವು ಬಹುಮಟ್ಟಿಗೆ ತಡೆಯುತ್ತವೆ. ಅವಿಲ್ಲದೆ ಹೋದರೆ, ವರ್ಷಗಟ್ಟಲೆ ಕೂಡಿದ ಜಿಡ್ಡೇ ಬೆಂಕಿಗೆ ಸೌದೆಯಾಗುತ್ತದೆ. ಕೊಳವೆಯೊಳಗಿನ ಬೆಂಕಿ ಕೆಳಗಿದ್ದವರ ಕಣ್ಣಿಗೆ ಬೀಳದೆ, ಕೈಗೆ ಸಿಗದೆ, ಮಹಡಿಗಳ ಗೋಡೆಯ ಪಕ್ಕದಲ್ಲೇ ಏರಿ ಛಾವಣಿಯನ್ನು ಮುಟ್ಟಬಲ್ಲುದು.

ಆರೋಗ್ಯದ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆಚ್ಚು ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಮನುಷ್ಯರಲ್ಲಿ ಪ್ರಾಯಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ವರ್ಗದಲ್ಲಿ ಸೇರಿಸಿದೆ. ದಿನಕ್ಕೆ ಎಂಟು ಹತ್ತು ಗಂಟೆ ಬಾಣಲೆಯ ಮುಂದೆ ನಿಲ್ಲುವವರಿಗೆ ಹೊಗೆಯನ್ನು ಚೆನ್ನಾಗಿ ಎಳೆಯುವ ಹುಡ್ ಎಷ್ಟು ಅಗತ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಬಾಣಲೆ ಮತ್ತು ಕಾವಲಿಗಳ ಮೇಲಿನ ಫಿಲ್ಟರುಗಳನ್ನು ಪ್ರತಿ ರಾತ್ರಿಯೂ, ಅನ್ನ ಬೇಯಿಸುವ ಕಡೆ ಇರುವುವನ್ನು ವಾರಕ್ಕೊಮ್ಮೆಯೂ ತೊಳೆಯುವುದು ಒಳ್ಳೆಯ ಪದ್ಧತಿ. ಮೊದಲು ಒಲೆ ಆರಿಸಿ, ಫ್ಯಾನಿನ ಸ್ವಿಚ್ಚು ತೆಗೆದು, ಎಲ್ಲವೂ ತಣಿಯುವವರೆಗೆ ಕಾಯಬೇಕು. ಬಿಸಿ ಬಾಣಲೆಯ ಮೇಲೆ ಬಾಗಿ ಫಿಲ್ಟರು ಕೀಳುವ ಆತುರ ಬೇಡ. ಬಿಚ್ಚಿದ ಫಿಲ್ಟರುಗಳನ್ನು ಸಾಬೂನು ಬೆರೆಸಿದ ಚೆನ್ನಾಗಿ ಕಾದ ನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟು, ನಾರಿನ ಬ್ರಷ್ಷಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಬೇಕು. ಫಿಲ್ಟರು ಅಲ್ಯೂಮಿನಿಯಂನದಾದರೆ ಕಾಸ್ಟಿಕ್ ಸೋಡ ಸೋಕಿಸಲೇಬಾರದು. ಅದು ಲೋಹವನ್ನೇ ತಿಂದುಹಾಕುತ್ತದೆ. ಜಿಡ್ಡಿನ ತೊಟ್ಟಿಯನ್ನು ಬರಿದುಮಾಡುವುದನ್ನು ಮರೆಯಬಾರದು. ಮತ್ತೆ ಕೂರಿಸುವಾಗ ಎರಡು ಫಿಲ್ಟರುಗಳ ನಡುವೆ ಸಂದು ಉಳಿದರೆ ಹೊಗೆ ಆ ಸಂದಿನಿಂದಲೇ ನುಸುಳುತ್ತದೆ. ಇನ್ನೊಂದು ಜೊತೆ ಫಿಲ್ಟರು ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ.

ಎಷ್ಟು ತೊಳೆದರೂ ಸ್ವಲ್ಪ ಜಿಡ್ಡು ಮೇಲೆ ಹೋಗಿಯೇ ಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 96ನೆಯ ಸಂಖ್ಯೆಯ ನಿಯಮಾವಳಿಯಂತೆ, ಸೌದೆ ಅಥವಾ ಇದ್ದಿಲಿನ ಒಲೆಯಿದ್ದರೆ ತಿಂಗಳಿಗೊಮ್ಮೆ, ಹಗಲಿರುಳೂ ಅಡಿಗೆ ನಡೆಯುವಲ್ಲಿ ಮೂರು ತಿಂಗಳಿಗೊಮ್ಮೆ, ಸಾಧಾರಣ ಹೋಟಲಿನಲ್ಲಿ ಆರು ತಿಂಗಳಿಗೊಮ್ಮೆ ಕೊಳವೆಯನ್ನೂ ಫ್ಯಾನನ್ನೂ ಪರೀಕ್ಷಿಸಬೇಕು. ನಮ್ಮ ಹೋಟಲುಗಳಿಗೂ ಇದು ಒಳ್ಳೆಯ ಅಳತೆಗೋಲು.

ಈ ಕೆಲಸವೆಲ್ಲ ಬೀಳುವುದು ಕಡೆಯ ಗಿರಾಕಿ ಎದ್ದುಹೋದ ಮೇಲೆ, ಹನ್ನೊಂದು ಗಂಟೆಯ ಹೊತ್ತಿಗೆ, ದಣಿದು ನಿಂತ ಕ್ಲೀನರ್‌ನ ಪಾಲಿಗೆ. ಅವನಿಗೆ ಕೈಗವಸು, ಬಿಸಿನೀರು, ಅಲುಗಾಡದ ಏಣಿ ಒದಗಿಸಿ, ಆ ಒಂದು ಗಂಟೆಯನ್ನು ಅವನ ಕೂಲಿಗೆ ಸೇರಿಸಿಕೊಡುವ ಸಾಹುಕಾರರ ಹೋಟಲಿನಲ್ಲಿ ಫಿಲ್ಟರುಗಳು ತಪ್ಪದೆ ತೊಳೆಯಲ್ಪಡುತ್ತವೆ. ಮೇಲ್ಮಹಡಿಯವರೂ ನಿಶ್ಚಿಂತೆಯಿಂದ ನಿದ್ರಿಸಬಹುದು.