ಹೊಟ್ಟೆ ಹಸಿದರೆ ಬೈಪಾಸ್ ಬಿಡಿ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೆಚ್ಚೂಕಡಿಮೆ 400 ಕಿಲೋಮೀಟರ್. ಮೊದಲು ಎನ್‌ಎಚ್ 4 ಆಗಿದ್ದು, ಈಗ ಎನ್‌ಎಚ್ 48 ಆಗಿರುವ ಈ ರಸ್ತೆಯಲ್ಲಿ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ಎಲ್ಲವೂ ಸಿಗುತ್ತವೆ, ಹಸಿರು ಬೋರ್ಡಿನ ಮೇಲೆ. ಊರುಗಳು ಬೈಪಾಸ್‌ನ ಆಚೆ ಉಳಿದುಬಿಟ್ಟಿವೆ. ಕಣ್ಣಿಗೆ ಬೀಳುವುದು ಫುಡ್ ಕೋರ್ಟ್, ದೊಡ್ಡ ಪಾರ್ಕಿಂಗ್, ಮೆನುವಿನ ತುಂಬ ಪನೀರ್. ಅಲ್ಲಿ ಒಂದು ಮಸಾಲೆ ದೋಸೆಗೆ ಕೊಡುವ ದುಡ್ಡಿನಲ್ಲಿ ಪೇಟೆಯೊಳಗೆ ಇಬ್ಬರು ತಿಂಡಿ ಮುಗಿಸಬಹುದು. ಪೆಟ್ರೋಲ್, ಟೋಲ್ ಎರಡನ್ನೂ ನಾಲ್ಕು ಪಾಲು ಮಾಡಿಕೊಂಡು ಹೊರಡುವ ನಮ್ಮಂಥ ವಿದ್ಯಾರ್ಥಿಗಳಿಗೆ ಇದು ಸಣ್ಣ ಲೆಕ್ಕವೇನಲ್ಲ.

ಗೆಳೆಯರ ಜೊತೆ ನಾಲ್ಕೈದು ಸಲ ಈ ದಾರಿಯಲ್ಲಿ ಓಡಾಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಒಳ್ಳೆಯ ಊಟ ಸಿಗುವುದು ಗಡಿಯಾರ ನೋಡಿ ಹೊರಟವರಿಗೆ. ಬೆಳಿಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟರೆ ಏಳರ ಹೊತ್ತಿಗೆ ಕ್ಯಾತ್ಸಂದ್ರ. ತುಮಕೂರಿಗೆ ಸ್ವಲ್ಪ ಮೊದಲೇ, ಸಿದ್ಧಗಂಗಾ ಮಠದ ಬಳಿ ಇರುವ ಈ ಊರು ತಟ್ಟೆ ಇಡ್ಲಿಗೆ ಹೆಸರುವಾಸಿ. ಅಗಲವಾದ ಚಪ್ಪಟೆ ತಟ್ಟೆಗಳಲ್ಲಿ ಬೇಯಿಸಿದ ಇಡ್ಲಿ ಹಬೆಯಾಡುತ್ತ ಬರುತ್ತದೆ, ಮೇಲೆ ಬೆಣ್ಣೆ. ಒಂದು ತಿಂದು ಇನ್ನೊಂದು ಬೇಕೆನಿಸಿದರೂ ತಡೆದುಕೊಳ್ಳಿ. ಮುಂದೆ ದಾವಣಗೆರೆ ಇದೆ.

ದಾವಣಗೆರೆ ತಲುಪುವಾಗ ಹತ್ತೂವರೆ. ಹೈವೇ ಬಿಟ್ಟು ಪೇಟೆಯೊಳಗೆ ಹೋಗಲೇಬೇಕು. ಬೈಪಾಸ್ ಪಕ್ಕದಲ್ಲೂ ‘ದಾವಣಗೆರೆ ಬೆಣ್ಣೆ ದೋಸೆ’ ಎಂದು ಬರೆದ ಬೋರ್ಡುಗಳಿವೆ, ಬೆಂಗಳೂರಿನ ಗಲ್ಲಿಗಲ್ಲಿಗಳಲ್ಲೂ ಇವೆ. ಆದರೆ ಊರಿನೊಳಗೆ ಕಟ್ಟಿಗೆ ಒಲೆಯ ಹೆಂಚಿನಿಂದ ನೇರ ತಟ್ಟೆಗೆ ಬರುವ ದೋಸೆಯ ಗರಿಗರಿಯೇ ಬೇರೆ. ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಅದರ ಅಗತ್ಯ ಬೀಳುವುದಿಲ್ಲ. ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 150 ಕಿಲೋಮೀಟರ್. ಒಂದೂವರೆ, ಎರಡು ಗಂಟೆಗೆ, ಸರಿಯಾಗಿ ಖಾನಾವಳಿಯ ಹೊತ್ತಿಗೆ, ಊರು ಸೇರುತ್ತೀರಿ.

ಹತ್ತು ಗಂಟೆಗೆ ಎದ್ದು ಹೊರಟರೆ ಈ ಲೆಕ್ಕವೆಲ್ಲ ತಲೆಕೆಳಗು. ಕ್ಯಾತ್ಸಂದ್ರದಲ್ಲಿ ಬೆಳಗಿನ ರಶ್ ಮುಗಿದಿರುತ್ತದೆ, ದಾವಣಗೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಹಲವು ಕಡೆ ಹೆಂಚು ಆರಿರುತ್ತದೆ. ಆಮೇಲೆ ಫುಡ್ ಕೋರ್ಟೇ ಗತಿ.

ಮೊಬೈಲ್‌ನಲ್ಲಿ ರೇಟಿಂಗ್ ನೋಡಬಾರದೇ ಎಂದು ಕೇಳಬಹುದು. ನೋಡಿ, ಆದರೆ ಯಾರು ಕೊಟ್ಟ ರೇಟಿಂಗ್ ಎಂದೂ ನೋಡಿ. ಹೈವೇ ಹೋಟೆಲ್‌ಗೆ ಸಾವಿರಾರು ಜನ ಸ್ಟಾರ್ ಕೊಟ್ಟಿರುತ್ತಾರೆ. ಕಾಮೆಂಟ್ ಓದಿದರೆ ಪಾರ್ಕಿಂಗ್, ಎ.ಸಿ., ಮಕ್ಕಳ ಆಟದ ಜಾಗದ್ದೇ ಮಾತು. ಪೇಟೆಯ ಹೋಟೆಲ್‌ಗೆ ದಿನಾ ಬರುವ ಗಿರಾಕಿ ಸ್ಟಾರ್ ಒತ್ತುವುದಿಲ್ಲ, ಮರುದಿನ ಮತ್ತೆ ಬರುತ್ತಾನೆ ಅಷ್ಟೇ. ಲಾರಿ ನಿಂತ ಕಡೆ ಊಟ ಚೆನ್ನಾಗಿರುತ್ತದೆ ಎಂಬ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ಲಾರಿಗೆ ಮೊದಲು ಬೇಕಾಗುವುದು ನಿಲ್ಲಿಸಲು ಜಾಗ.

ಇವೆಲ್ಲಕ್ಕಿಂತ ಪೆಟ್ರೋಲ್ ಬಂಕ್‌ನಲ್ಲಿ ಕೇಳುವುದು ವಾಸಿ. ಕೇಳುವ ರೀತಿ ಮಾತ್ರ ಬೇರೆ ಇರಬೇಕು. ‘ಒಳ್ಳೆ ಹೋಟೆಲ್ ಎಲ್ಲಿದೆ?’ ಎಂದರೆ ಕಾರಿನಲ್ಲಿ ಬಂದವರೆಂದು ದೊಡ್ಡ ಹೋಟೆಲನ್ನೇ ತೋರಿಸುತ್ತಾರೆ. ‘ಅಣ್ಣಾ, ನೀವು ಎಲ್ಲಿ ತಿಂಡಿ ತಿಂತೀರಿ?’ ಎಂದು ಕೇಳಿ. ‘ನಾವ್ ತಿನ್ನೋ ಕಡೆ ನಿಮಗೆ ಕೂರೋಕೆ ಜಾಗ ಇರಲ್ಲ ನೋಡ್ರಿ’ ಎಂದು ನಕ್ಕು ಒಬ್ಬರು ನಮಗೆ ದಾರಿ ಹೇಳಿದ್ದರು. ನಿಂತುಕೊಂಡೇ ತಿಂದೆವು. ನಾನು ಆ ದಾರಿಯಲ್ಲಿ ತಿಂದ ಅತ್ಯುತ್ತಮ ಉಪ್ಪಿಟ್ಟು ಅದು. ಹಾಗೆಯೇ ನಮ್ಮ ತಂಡದ ಹುಡುಗಿಯರ ಮೊದಲ ಪ್ರಶ್ನೆ ರುಚಿಯದ್ದಲ್ಲ, ಶೌಚಾಲಯದ್ದು. ಪೇಟೆಯ ಸಣ್ಣ ಹೋಟೆಲ್‌ಗಳು ಸೋಲುವುದು ಇಲ್ಲೇ. ಆದ್ದರಿಂದ ಬಂಕ್‌ನಲ್ಲೇ ಆ ಕೆಲಸ ಮುಗಿಸಿಕೊಂಡು ಊರೊಳಗೆ ಹೋಗುವುದು ನಮ್ಮ ರೂಢಿ.

ಮೈಸೂರು ರಸ್ತೆಯದು ಇನ್ನೊಂದು ಕಥೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಬಿಡದಿ, ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಸರಿಸಿತು. ತಟ್ಟೆ ಇಡ್ಲಿ, ಮದ್ದೂರು ವಡೆ ನಂಬಿಕೊಂಡಿದ್ದ ಹೋಟೆಲ್‌ನವರಿಗೆ ಗಿರಾಕಿಗಳು ಮೇಲಿಂದ ಮೇಲೆಯೇ ಹಾರಿಹೋದಂತಾಯಿತು. ಅದೇ ವರ್ಷ ಆಗಸ್ಟ್‌ನಿಂದ ಅಲ್ಲಿ ಬೈಕ್‌ಗಳಿಗೆ ಪ್ರವೇಶವಿಲ್ಲ. ಬೈಕ್ ಗೆಳೆಯರು ಇದಕ್ಕೆ ಗೊಣಗುತ್ತಾರೆ, ಆದರೆ ಕೆಳಗಿನ ರಸ್ತೆಯಲ್ಲಿ ಹೋಗುವ ಅವರಿಗೇ ಬಿಸಿ ವಡೆ ಸಿಗುತ್ತಿರುವುದು.

ಇನ್ನು ರಾತ್ರಿ ಬಸ್ಸಿನವರ ಪಾಡು. ಬಸ್ ಎಲ್ಲಿ ನಿಲ್ಲುತ್ತದೋ ಅಲ್ಲೇ ಊಟ. ನನ್ನ ಸೀನಿಯರ್ ಒಬ್ಬರು ಹುಬ್ಬಳ್ಳಿಯಿಂದ ಇಂಟರ್‌ವ್ಯೂಗೆ ಬರುತ್ತ ರಾತ್ರಿ ಹನ್ನೆರಡಕ್ಕೆ ಅಂಥ ಕಡೆ ಬಿಸಿ ಮಾಡಿದ ಪಲಾವ್ ತಿಂದರು. ಮರುದಿನ ಆಪ್ಟಿಟ್ಯೂಡ್ ಟೆಸ್ಟ್ ನಡೆಯುವಾಗ ಎರಡು ಸಲ ಎದ್ದು ಹೋಗಬೇಕಾಯಿತು. ಆರು ತಿಂಗಳು ತಯಾರಿ ನಡೆಸಿದ ಕಂಪನಿ ಅದು, ಮೊದಲ ಸುತ್ತಿನಲ್ಲೇ ಮುಗಿಯಿತು. ಹೀಗೆ ಪರೀಕ್ಷೆಗೆ, ಸಂದರ್ಶನಕ್ಕೆ ಹೊರಟವರು ಆ ಹೊತ್ತಿನಲ್ಲಿ ಕಣ್ಣೆದುರೇ ಹೆಂಚಿನಿಂದ ಇಳಿದದ್ದನ್ನು ಬಿಟ್ಟು ಬೇರೇನೂ ಮುಟ್ಟದಿರುವುದು ಒಳ್ಳೆಯದು. ಬಾಳೆಹಣ್ಣು ಇದ್ದರೆ ಇನ್ನೂ ಒಳ್ಳೆಯದು.

ಹುಬ್ಬಳ್ಳಿಯ ಖಾನಾವಳಿಗೆ ಬರೋಣ. ಜೋಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಚಟ್ನಿ, ಮೊಸರು, ಕಡಿಯಲು ಹಸಿ ಈರುಳ್ಳಿ. ‘ಇನ್ನೊಂದ್ ರೊಟ್ಟಿ ಹಾಕ್ಲೇನ್ರೀ?’ ಎಂದು ಕೇಳುತ್ತಲೇ ಹಾಕಿಬಿಟ್ಟಿರುತ್ತಾರೆ. ಮಾಂಸದೂಟ ಬೇಕೆಂದವರಿಗೆ ಸಾವಜಿ ಹೋಟೆಲ್‌ಗಳಿವೆ, ಖಾರ ತಡೆಯುವ ಧೈರ್ಯವಿದ್ದರೆ. ಊಟ ಮುಗಿಸಿ ಏಳುವ ಮೊದಲು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಸಿಕೊಳ್ಳಿ. ವಾರಗಟ್ಟಲೆ ಕೆಡುವುದಿಲ್ಲ. ವಾಪಸ್ ಬರುವಾಗ ರಾತ್ರಿ ಬಸ್ ಎಲ್ಲಿ ಬೇಕಾದರೂ ನಿಲ್ಲಲಿ, ಇಳಿದು ಒಂದು ಚಹಾ ಕುಡಿದರೆ ಸಾಕು.