ಹಸಿರು ಚುಕ್ಕೆಯ ಆಚೆ ಯಾರಿದ್ದಾರೆ?

ವಾಕಡ್ ಸೇತುವೆ ಬಳಿ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಬ್ ನಿಂತಿತೆಂದರೆ ನಿಂತೇಬಿಟ್ಟಿತು. ಹಿಂಜವಡಿ ಇನ್ನೂ ದೂರ. ಆದರೆ ಒಳಗೆ ಕೂತ ನಾಲ್ವರೂ ಆಗಲೇ ಆಫೀಸಿನಲ್ಲಿರುತ್ತಾರೆ, ಟೀಮ್ಸ್‌ನಲ್ಲೋ ಸ್ಲ್ಯಾಕ್‌ನಲ್ಲೋ. ನಮ್ಮಂಥವರ ಕೆಲಸದ ದಿನದ ಬಹುಪಾಲು ಈಗ ಈ ಚಾಟ್ ಕಿಟಕಿಯಲ್ಲೇ ಕಳೆಯುತ್ತದೆ. ಸಹೋದ್ಯೋಗಿಯ ಮುಖಕ್ಕಿಂತ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆಯೇ ನಮಗೆ ಹೆಚ್ಚು ಪರಿಚಿತ.

ಈ ಚಾಟ್‌ಗಳ ಹುಟ್ಟು ಮಾತ್ರ ಸ್ವಾರಸ್ಯದ್ದು. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯಿಕರಿನೆನ್ ಐಆರ್‌ಸಿ ಬರೆದರು. ಚಾನೆಲ್ ಹೆಸರಿನ ಮುಂದೆ ಹ್ಯಾಶ್ ಗುರುತು ಹಾಕುವ ರೂಢಿ ಅಲ್ಲಿಂದಲೇ ಬಂದದ್ದು. ಸ್ಲ್ಯಾಕ್ ಅಂತೂ ಒಂದು ಸೋತ ವಿಡಿಯೋ ಗೇಮ್‌ನ ಉಪಫಲ. ಸ್ಟೂವರ್ಟ್ ಬಟರ್‌ಫೀಲ್ಡ್ ತಂಡ ‘ಗ್ಲಿಚ್’ ಎಂಬ ಆಟ ಕಟ್ಟುವಾಗ ಬೇರೆಬೇರೆ ಊರುಗಳಲ್ಲಿದ್ದ ತಮ್ಮವರ ನಡುವೆ ಮಾತಿಗೆಂದು ಮಾಡಿಕೊಂಡ ಸಾಧನ ಅದು. 2012ರಲ್ಲಿ ಆಟ ಮುಚ್ಚಿತು, 2014ರಲ್ಲಿ ಮಾತಿನ ಸಾಧನ ಮಾರುಕಟ್ಟೆಗೆ ಬಂತು. ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲ ಗೆಳೆಯರು ತಮಗಾಗಿ ಮಾಡಿಕೊಂಡದ್ದನ್ನು ಪರಸ್ಪರ ಪರಿಚಯವೇ ಇಲ್ಲದ ಸಾವಿರಾರು ಜನರ ಕಂಪನಿಗಳು ಬಳಸತೊಡಗಿದವು. ತೊಡಕು ಶುರುವಾದದ್ದು ಇಲ್ಲೇ ಎಂದು ನನ್ನ ಅನಿಸಿಕೆ.

ಬರೆದ ಮಾತಿಗೆ ದನಿಯಿಲ್ಲ. 2005ರ ಒಂದು ಅಧ್ಯಯನದಲ್ಲಿ, ಇ-ಮೇಲ್‌ನಲ್ಲಿ ತಾವು ಬರೆದದ್ದು ವ್ಯಂಗ್ಯವೋ ಅಲ್ಲವೋ ಓದುಗರಿಗೆ ತಿಳಿಯುತ್ತದೆ ಎಂದು ಬರೆದವರು ನೂರಕ್ಕೆ 78 ಸಲ ನಂಬಿದ್ದರು. ಓದಿದವರಿಗೆ ಸರಿಯಾಗಿ ತಿಳಿದದ್ದು 56 ಸಲ. ಕಣ್ಣು ಮುಚ್ಚಿ ಊಹಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು! ಮ್ಯಾನೇಜರ್ ಬರೆದ ‘ಓಕೆ.’ ಎಂಬ ಒಂದು ಪದ, ಒಂದು ಚುಕ್ಕಿ ನೋಡಿ ಅರ್ಧ ದಿನ ಚಿಂತೆ ಮಾಡಿದವರು ನಮ್ಮಲ್ಲಿ ಎಷ್ಟಿಲ್ಲ?

ಕನ್ನಡದವರಿಗೆ ಇದು ಇನ್ನಷ್ಟು ಕಷ್ಟ. ‘ಮಾಡಿ’, ‘ಮಾಡ್ತೀರಾ’, ‘ಮಾಡ್ಬಿಡಪ್ಪಾ’ – ಕೆಲಸ ಒಂದೇ, ಸಂಬಂಧ ಮೂರು. ಮರಾಠಿಗರಿಗೂ ‘ಅರೇ’ ಬೇರೆ, ‘ಅಹೋ’ ಬೇರೆ. ಇಂಗ್ಲಿಷಿನ ‘ಯೂ’ ಇದನ್ನೆಲ್ಲ ಒಂದೇ ಮಟ್ಟಕ್ಕೆ ಉಜ್ಜಿಬಿಡುತ್ತದೆ. ಅದಕ್ಕೇ ನಮ್ಮವರು ಮೊದಲು ಬರೀ ‘ಹಾಯ್’ ಎಂದು ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ಇದನ್ನು ಗೇಲಿ ಮಾಡಲೆಂದೇ ‘ನೋ ಹಲೋ’ ಎಂಬ ಜಾಲತಾಣವಿದೆ. ಆದರೆ ಬಾಗಿಲಲ್ಲಿ ನಿಂತೇ ವ್ಯವಹಾರ ಮಾತಾಡುವುದು ನಮ್ಮ ಪದ್ಧತಿಯಲ್ಲ, ಬಂದವರಿಗೆ ಮೊದಲು ನೀರು ಕೊಡಬೇಕು. ನನಗೆ ತಿಳಿದ ಮಧ್ಯದ ದಾರಿ ಎಂದರೆ ಎರಡನ್ನೂ ಒಂದೇ ಮೆಸೇಜಿನಲ್ಲಿ ಬರೆಯುವುದು. ‘ನಮಸ್ಕಾರ, ನಿನ್ನೆಯ ಬಿಲ್ಡ್ ಫೇಲ್ ಆಗಿದೆ, ಲಾಗ್ ಕೆಳಗಿದೆ, ಊಟ ಮುಗಿಸಿ ನೋಡಿದರೂ ಸಾಕು.’ ಆ ಕೊನೆಯ ನಾಲ್ಕು ಪದ ಟೈಪ್ ಮಾಡಲು ಐದು ಸೆಕೆಂಡು ಬೇಡ.

ಹೆಸರಿನದ್ದು ಇನ್ನೊಂದು ಕತೆ. ತಂದೆಯ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಅಮೆರಿಕದವರು ಮಗನನ್ನು ತಂದೆಯ ಹೆಸರಿನಿಂದ ಕರೆಯುವುದು ಮೈಸೂರು ಕಡೆಯವರಿಗೆ ಮಾಮೂಲು. ಉತ್ತರ ಕರ್ನಾಟಕದವರದ್ದು ಬೇರೆ ಪೇಚು. ಪಾಟೀಲ, ಕುಲಕರ್ಣಿ, ದೇಶಪಾಂಡೆ, ಜೋಶಿ ಎಂದರೆ ಪುಣೆಯಲ್ಲಿ ಎಲ್ಲರೂ ಮರಾಠಿಯೆಂದೇ ತಿಳಿಯುತ್ತಾರೆ. ನಾನು ಬಲ್ಲ ಒಂದು ತಂಡದಲ್ಲಿ ಬೆಳಗಾವಿಯವನೊಬ್ಬ, ಧಾರವಾಡದವಳೊಬ್ಬಳು ಎರಡು ವರ್ಷ ಚಾಟ್‌ನಲ್ಲಿ ಇಂಗ್ಲಿಷಿನಲ್ಲೇ ಟಿಕೆಟ್ ನಂಬರು ಹೇಳಿಕೊಂಡಿದ್ದರು. ಆತ ಕೆಲಸ ಬಿಡುವ ದಿನ ‘ಇನ್ನು ಊರಿಗೆ ಹೋಗ್ತೀನಿ’ ಎಂದು ಬರೆದು ಊರಿನ ಹೆಸರು ಹಾಕಿದಾಗಲೇ ಇಬ್ಬರೂ ಕನ್ನಡಿಗರೆಂದು ಗೊತ್ತಾದದ್ದು. ಲಾಕ್‌ಡೌನ್ ಕಾಲದಲ್ಲಿ ಕೊರಿಯರ್‌ನಲ್ಲಿ ಲ್ಯಾಪ್‌ಟಾಪ್ ಬಂದು ಕೆಲಸಕ್ಕೆ ಸೇರಿದ, ಹಾಗೇ ಅದನ್ನು ವಾಪಸ್ ಕಳಿಸಿ ಹೊರಟ ಹುಡುಗ ಅವನು. ಪ್ರೊಫೈಲ್‌ನಲ್ಲಿ ಊರು, ಬಲ್ಲ ಭಾಷೆ ಬರೆಯಲು ಜಾಗವಿರುತ್ತದೆ. ಸ್ಲ್ಯಾಕ್‌ನಲ್ಲಿ ಹೆಸರಿನ ಉಚ್ಚಾರಣೆಯನ್ನು ನಿಮ್ಮದೇ ದನಿಯಲ್ಲಿ ದಾಖಲಿಸಲೂಬಹುದು. ತುಂಬಿಸುವವರೇ ಕಡಿಮೆ.

ಬದಲಿಗೆ ಕಂಪನಿಗಳು ಕೊಡುವುದು ಹುಟ್ಟುಹಬ್ಬದ ಬಾಟ್. ಹೊತ್ತಿಗೆ ಸರಿಯಾಗಿ ಅದೇ ಕೇಕಿನ ಚಿತ್ರ, ಕೆಳಗೆ ಸಾಲಾಗಿ ಅದೇ ಮೂರು ಪದ. ಇದು ಆತ್ಮೀಯತೆಯಲ್ಲ, ಹಾಜರಿ. ನಮ್ಮ ತಂಡದಲ್ಲಿ ನಿಜಕ್ಕೂ ಜನ ಮಾತಾಡಿದ್ದು ಯಾರೋ ಹೋಳಿಗೆಯ ಕಸ್ಟಮ್ ಎಮೋಜಿ ಹಾಕಿ, ಅದು ಹೋಳಿಗೆಯೋ ಪುರಣಪೋಳಿಯೋ ಎಂಬ ಜಗಳ ಎದ್ದಾಗ. (ತೀರ್ಮಾನ ಇನ್ನೂ ಆಗಿಲ್ಲ. ಶೇಂಗಾ ಹೋಳಿಗೆಯವರು ಮೂರನೇ ಪಕ್ಷ ಕಟ್ಟಿದ್ದಾರೆ.)

ಆದರೆ ಆತ್ಮೀಯತೆ ಎಂದು ಎಲ್ಲವನ್ನೂ ಅಲ್ಲಿ ಸುರಿಯುವಂತಿಲ್ಲ. ಡೈರೆಕ್ಟ್ ಮೆಸೇಜ್ ಎಂದರೆ ಖಾಸಗಿ ಅಲ್ಲ. ಖಾತೆ ಕಂಪನಿಯದ್ದು, ಬೇಕಾದಾಗ ಅದನ್ನು ತೆಗೆದು ಓದುವ ದಾರಿ ಅವರಿಗಿದೆ. ಟೀಮ್ಸ್‌ನಲ್ಲಿ ಐದು ನಿಮಿಷ ಮೌಸ್ ಅಲುಗಾಡದಿದ್ದರೆ ಹಸಿರು ಹೋಗಿ ಹಳದಿ ಬರುತ್ತದೆ. ಅದಕ್ಕೆ ಹೆದರಿ ಮೌಸ್ ಅಲುಗಾಡಿಸುವ ಯಂತ್ರ ಕೊಳ್ಳುವವರಿದ್ದಾರೆ. ಇನ್ನು ರಾತ್ರಿ ಹನ್ನೊಂದರ ಮೆಸೇಜುಗಳು! ನಮ್ಮ ಪಕ್ಕದ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ, ಕೆಲಸದ ಹೊತ್ತು ಮುಗಿದ ಮೇಲೆ ಉತ್ತರಿಸದಿರುವ ಹಕ್ಕಿಗಾಗಿ 2018ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. 2024ರಲ್ಲಿ ಇದೇ ಪುಣೆಯಲ್ಲಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಿಗೆ 26ರ ಯುವ ಲೆಕ್ಕಪರಿಶೋಧಕಿಯೊಬ್ಬಳು ತೀರಿಕೊಂಡಳು. ಕೆಲಸದ ಹೊರೆಯ ಬಗ್ಗೆ ಅವಳ ತಾಯಿ ಬರೆದ ಪತ್ರ ದೇಶವೆಲ್ಲ ಓದಿತು. ಅಂತ್ಯಸಂಸ್ಕಾರಕ್ಕೆ ಆಫೀಸಿನಿಂದ ಯಾರೂ ಬರಲಿಲ್ಲ ಎಂಬ ಸಾಲು ಅದರಲ್ಲಿತ್ತು. ಆ ಸಾಲಿನ ಬಗ್ಗೆ ನಮ್ಮ ಕ್ಯಾಂಟೀನಿನಲ್ಲಿ ಬಹಳ ದಿನ ಮಾತಾಯಿತು. ಚಾಟ್‌ನಲ್ಲಿ ಆಗಲಿಲ್ಲ.

ಸ್ಲ್ಯಾಕ್‌ನಲ್ಲೂ ಟೀಮ್ಸ್‌ನಲ್ಲೂ ಮೆಸೇಜನ್ನು ಮರುದಿನಕ್ಕೆ ಶೆಡ್ಯೂಲ್ ಮಾಡುವ ಸೌಲಭ್ಯ ಇದೆ, ಕಳಿಸುವ ಗುಂಡಿಯ ಹತ್ತಿರವೇ. ರಾತ್ರಿ ನೆನಪಾದದ್ದನ್ನು ಆಗಲೇ ಬರೆದಿಟ್ಟು ಬೆಳಿಗ್ಗೆ ಒಂಬತ್ತೂವರೆಗೆ ತಲುಪಿಸಬಹುದು. ಖರಾಡಿಯ ಗೆಳತಿಯೊಬ್ಬಳ ಲೀಡ್ ಇದನ್ನು ಶುರುಮಾಡಿದ ವಾರ, ಅವಳು ರಾತ್ರಿ ಮಲಗುವಾಗ ಫೋನನ್ನು ಹಾಲ್‌ನಲ್ಲೇ ಚಾರ್ಜಿಗೆ ಹಾಕತೊಡಗಿದಳಂತೆ.